ಯಾರದೋ ಕರೆಗಾಗಿ ಇಟ್ಟುಕೊಂಡ ಫೋನು

ಮೈಲಾಪೂರಿನ ನಮ್ಮ ಫ್ಲ್ಯಾಟಿಗೆ ಫೋನು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಅರ್ಜಿ ಹಾಕಿದ್ದೇವೆಂಬುದನ್ನೇ ನಾವು ಮರೆತಿದ್ದಾಗ. ಮೂರು ಮಹಡಿಯ ಕಟ್ಟಡದಲ್ಲಿ ಒಂಬತ್ತು ಮನೆಗಳು. ಆಗ ಅಷ್ಟು ಮನೆಗಳ ಪೈಕಿ ಎರಡರಲ್ಲಿ ಮಾತ್ರ ಫೋನಿತ್ತು. ಒಂದು ಕಟ್ಟಡದ ಮಾಲೀಕರದು, ಅವರು ಅದಕ್ಕೆ ಬೀಗ ಹಾಕಿಟ್ಟಿದ್ದರು. ಇನ್ನೊಂದು ನಮ್ಮದು, ನಾವು ಹಾಕಿರಲಿಲ್ಲ. ಹೀಗಾಗಿ ಮಾಲೀಕರನ್ನು ಬಿಟ್ಟು ಉಳಿದ ಏಳು ಮನೆಯವರೂ ತಮ್ಮ ನೆಂಟರಿಗೆ, ಕೆಲಸದ ಕಡೆಯವರಿಗೆ, ಮಕ್ಕಳ ಶಾಲೆಗೆ ಕೊಟ್ಟದ್ದು ನಮ್ಮ ನಂಬರನ್ನೇ. ಮೊದಲ ಮಹಡಿಯವರಂತೂ ಮಗನ ಮದುವೆಯ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದರು.

ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆ. ನನ್ನ ಗಂಡ ರೈಲ್ವೆ ಆಫೀಸಿನಲ್ಲಿದ್ದರು. ಮನೆಯಲ್ಲಿ ನಮ್ಮತ್ತೆ, ಶಾಲೆಗೆ ಹೋಗುವ ಮಗಳು. ವಾರದ ದಿನಗಳಲ್ಲಿ ಫೋನು ಅತ್ತೆಯ ಪಾಲಿಗಿತ್ತು. ಅವರ ಮಂಡಿ ಹಿಡಿದುಹೋಗಿದ್ದರಿಂದ ಕರೆ ಬಂದರೆ ಬಾಲ್ಕನಿಗೆ ಹೋಗಿ ಕೂಗುತ್ತಿದ್ದರು. ಭಾನುವಾರ ಮಾತ್ರ ಆ ಕೆಲಸ ನನ್ನ ತಲೆಗೆ ಬೀಳುತ್ತಿತ್ತು. ಎಲ್ಲರ ನೆಂಟರೂ ಮಾತಾಡಲು ಆರಿಸಿಕೊಳ್ಳುತ್ತಿದ್ದುದು ಭಾನುವಾರವನ್ನೇ. ಮೂರು ಮಹಡಿ ಇಳಿದು ಬಾಗಿಲು ತಟ್ಟಿ, ಕರೆದುಕೊಂಡು ಬಂದು, ಅವರ ಮಾತು ಮುಗಿಯುವ ತನಕ ನನ್ನದೇ ಮನೆಯಲ್ಲಿ ಕಿವಿ ಕೇಳದವಳ ಹಾಗೆ ಓಡಾಡಬೇಕಿತ್ತು. ಒಂದು ವರ್ಷದಲ್ಲಿ ನನಗೆ ಆ ಗಂಟೆಯ ಸದ್ದು ಕೇಳಿದರೆ ಸಾಕು, ಹಲ್ಲು ಕಚ್ಚುವ ಹಾಗಾಗಿತ್ತು.

ನೆಲಮಹಡಿಯಲ್ಲಿದ್ದವಳು ಹೊಸೂರಿನ ಕಡೆಯ ಹೆಣ್ಣುಮಗಳು. ತಮಿಳು, ಕನ್ನಡ ಎರಡನ್ನೂ ಒಂದೇ ಬಟ್ಟಲಿನಲ್ಲಿ ಕಲಸಿ ಮಾತಾಡುತ್ತಿದ್ದಳು. ಚೆನ್ನೈಯಲ್ಲಿ ನಲವತ್ತು ವರ್ಷ ಕಳೆದರೂ ತಮಿಳು ನೆಟ್ಟಗೆ ಬಾರದ ನಮ್ಮತ್ತೆಗೆ ಅವಳೆಂದರೆ ಅಚ್ಚುಮೆಚ್ಚು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಅವಳು ತಮ್ಮನನ್ನು ತನ್ನ ಜೊತೆಗೇ ಇಟ್ಟುಕೊಂಡಿದ್ದಳು. ಅವನಿಗೆ ಇಪ್ಪತ್ತೈದು ದಾಟಿತ್ತು. ಅವಳ ಗಂಡ ಬಂದರಿನಲ್ಲಿ ಮೇಸ್ತ್ರಿ. ಆತನೇ ಯಾರ್ಯಾರನ್ನೋ ಹಿಡಿದು ಬಾಮೈದನಿಗೆ ಅಲ್ಲಿನ ಗೋದಾಮಿನಲ್ಲಿ ಕೆಲಸ ಕೊಡಿಸಿದ್ದ. ಹುಡುಗ ಆ ಕೆಲಸ ಬಿಟ್ಟುಬಿಟ್ಟ. ಬಿಟ್ಟದ್ದನ್ನು ಮನೆಯಲ್ಲಿ ಹೇಳಲಿಲ್ಲ. ದಿನಾ ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಹೊರಟು, ಕಪಾಲಿ ಗುಡಿಯ ಕೊಳದ ಮೆಟ್ಟಿಲ ಮೇಲೆ ಕೂತು, ಅಲ್ಲೇ ಉಂಡು, ಸಂಜೆ ಸರಿಯಾದ ಹೊತ್ತಿಗೆ ಮನೆಗೆ ಬರುತ್ತಿದ್ದ. ಮೂರು ವಾರ ಹೀಗೆ ನಡೆಯಿತು. ಗೋದಾಮಿನವರು ಹೇಳಿದ ಮೇಲೆ ವಿಷಯ ಭಾವನ ಕಿವಿಗೆ ಬಿತ್ತು. ಆತ ಸಂಜೆ ಗೇಟಿನ ಹತ್ತಿರವೇ ಕಾದು ನಿಂತು, ಡಬ್ಬಿ ಹಿಡಿದು ಬಂದ ಹುಡುಗನ ಕೆನ್ನೆಗೆ ಬಾರಿಸಿದ. ನಾವೆಲ್ಲ ಬಾಲ್ಕನಿಗಳಲ್ಲಿದ್ದೆವು. ಹುಡುಗ ಒಮ್ಮೆ ಮೇಲೆ ನೋಡಿದ, ಒಬ್ಬೊಬ್ಬರನ್ನೂ ಎಣಿಸುವವನಂತೆ. ಆಮೇಲೆ ಡಬ್ಬಿಯನ್ನು ಗೇಟಿನ ಪಕ್ಕದ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಎರಡು ವಾರ ಅವನ ಸುದ್ದಿಯಿಲ್ಲ. ಮೂರನೆಯ ಭಾನುವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಒತ್ತಿಕೊಂಡು ದೋಸೆ ಹುಯ್ಯುತ್ತಿದ್ದೆ. ಆಗಲೇ ಎರಡು ಸಲ ಕೆಳಗಿಳಿದು ಹತ್ತಿದ್ದೆ. ಮತ್ತೆ ಗಂಟೆ ಬಾರಿಸಿತು. ಎತ್ತಿದರೆ ಗಾಳಿಯ ಸದ್ದು, ಲಾರಿಗಳ ಸದ್ದು, ಅದರ ನಡುವೆ ಒಂದು ಗಂಡಸಿನ ದನಿ.

"ಅಕ್ಕಾ, ಕೆಳಗಡೆ ಮನೆಯವರ್ನ ಸ್ವಲ್ಪ ಕೂಪುಡ್ತೀರಾ?"

ಕೂಪುಡು ಎಂದರೆ ತಮಿಳಿನಲ್ಲಿ ಕರೆಯುವುದು. ಕನ್ನಡಕ್ಕೆ ಅದನ್ನು ಹಾಗೆ ಅಂಟಿಸುವವರು ನಮ್ಮ ಕಟ್ಟಡದಲ್ಲಿ ಇಬ್ಬರೇ ಇದ್ದರು. ಆದರೆ ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ. ಒಲೆಯ ಮೇಲೆ ದೋಸೆ ಸೀಯುತ್ತಿತ್ತು.

"ಇದೇನು ಎಸ್‌ಟಿಡಿ ಬೂತ್ ಅಂದ್ಕೊಂಡಿದೀರೇನ್ರೀ? ಹತ್ತು ನಿಮಿಷ ಬಿಟ್ಟು ಮಾಡಿ," ಎಂದು ರಿಸೀವರ್ ಕುಕ್ಕಿದೆ.

ದೋಸೆ ಮಗುಚುವಾಗ ಹೊಳೆಯಿತು. ಎಣ್ಣೆ ಸುರಿಯುವ ತಲೆಯಲ್ಲೇ ಕೆಳಗೆ ಓಡಿದೆ. ಅವಳು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡು ಮೇಲೆ ಬಂದಳು. ಫೋನಿನ ಪಕ್ಕ ನೆಲದ ಮೇಲೆ ಕೂತಳು. ಹತ್ತು ನಿಮಿಷವಾಯಿತು, ಒಂದು ಗಂಟೆಯಾಯಿತು, ಮಧ್ಯಾಹ್ನವಾಯಿತು. ಅತ್ತೆ ಎರಡು ಸಲ ಕಾಫಿ ಕೊಟ್ಟರು. ಅವಳು ಕುಡಿಯಲಿಲ್ಲ.

"ಏನಂದ ಅಕ್ಕಾ? ಸರಿಯಾಗಿ ಏನಂದ ಹೇಳಿ," ಎಂದು ಮತ್ತೆ ಮತ್ತೆ ಕೇಳಿದಳು.

"ಹತ್ತು ನಿಮಿಷ ಬಿಟ್ಟು ಮಾಡ್ತೀನಿ ಅಂದ," ಎಂದೆ. ನಾನು ಆಡಿದ ಮಾತನ್ನು ಅವನ ಬಾಯಿಗೆ ಹಾಕಿದೆ. ನಾನು ಗದರಿದ್ದನ್ನು ಹೇಳಲಿಲ್ಲ.

ಅವನು ಮತ್ತೆ ಕರೆ ಮಾಡಲಿಲ್ಲ.

ಮರುವರ್ಷ ಅವಳ ಗಂಡನಿಗೆ ಬಂದರಿಗೆ ಹತ್ತಿರವಾಗಲೆಂದು ಅವರು ರಾಯಪುರಕ್ಕೆ ಮನೆ ಬದಲಾಯಿಸಿದರು. ಹೊರಡುವ ದಿನ ಸಾಮಾನಿನ ಟೆಂಪೋ ಗುರುಗುಟ್ಟುತ್ತಿರುವಾಗ ಅವಳು ಮೂರು ಮಹಡಿ ಹತ್ತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನಂಬರ್ ಮಾತ್ರ ಮಾತ್ತಬೇಡಿ. ಅವನಿಗೆ ಈ ನಂಬರ್ ಒಂದೇ ಬಾಯಿಪಾಠ."

ಬದಲಾಯಿಸಬೇಡಿ ಎನ್ನುವುದನ್ನು ಅವಳು ಹಾಗೆ ಹೇಳುತ್ತಿದ್ದಳು. ನಾನು ಆಯಿತೆಂದೆ. ಇನ್ನೇನು ಹೇಳುವ ಮುಖ ನನಗಿರಲಿಲ್ಲ.

ಅಲ್ಲಿಂದ ಮುಂದೆ ಅವಳು ತಿಂಗಳಿಗೊಮ್ಮೆ ಫೋನ್ ಮಾಡಿ "ಬಂತಾ ಅಕ್ಕಾ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ಊರಿನ ಎಲ್ಲ ಫೋನ್ ನಂಬರುಗಳ ಮುಂದೆ ಇನ್ನೊಂದು ಅಂಕಿ ಸೇರಿಸಿದರು. ಹಳೆಯ ನಂಬರು ಮಾತ್ರ ಗೊತ್ತಿರುವವನು ಏನು ಮಾಡಬೇಕು? ನಾನು ಅರ್ಧ ದಿನ ರಜೆ ಹಾಕಿ ಟೆಲಿಫೋನ್ ಆಫೀಸಿಗೆ ಹೋಗಿ ಕೇಳಿದೆ. ಕೌಂಟರಿನವರು ತಲೆ ಎತ್ತದೆ, "ರೆಕಾರ್ಡ್ ಸೊಲ್ಲುಂ ಮಾ," ಎಂದರು. ರೆಕಾರ್ಡ್ ಹೇಳುತ್ತದೋ ಇಲ್ಲವೋ ಎಂದು ಬೂತಿಗೆ ಹೋಗಿ ನನ್ನದೇ ಹಳೆಯ ನಂಬರಿಗೆ ನಾನೇ ಡಯಲ್ ಮಾಡಿದೆ. ಹೇಳಿತು. ಮುಂದೆ ಹೊಸ ಅಂಕಿ ಸೇರಿಸಿ ಮಾಡಿ ಎಂದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಬಹಳ ನಿಧಾನವಾಗಿ. ನನ್ನ ಹಾಗೆ ಗದರಲಿಲ್ಲ.

ಎರಡು ಸಾವಿರದ ಮೊದಲ ನಾಲ್ಕೈದು ವರ್ಷಗಳಲ್ಲಿ ಎಲ್ಲರ ಕೈಗೂ ಸೆಲ್ ಬಂತು. ನನಗೊಂದು, ಗಂಡನಿಗೊಂದು. ಕಟ್ಟಡದಲ್ಲಿ ನಮ್ಮ ಬಾಗಿಲು ತಟ್ಟುವವರು ಇಲ್ಲವಾದರು. ಮನೆಯ ಫೋನಿಗೆ ಬರುತ್ತಿದ್ದ ಕರೆಗಳೆಂದರೆ ಮೂರೇ. ಸಾಲ ಬೇಕೇ ಎನ್ನುವವರು, ರಾಂಗ್ ನಂಬರಿನವರು, ಮತ್ತೆ ದಿನಾ ಹನ್ನೊಂದು ಗಂಟೆಗೆ ಪುರಸೈವಾಕ್ಕಂನಿಂದ ಅತ್ತೆಯ ತಂಗಿ. ಅಕ್ಕತಂಗಿಯರು ಒಂದು ಗಂಟೆಯ ಕಾಲ ಇವತ್ತಿನ ಹುಳಿಗೆ ಯಾವ ತರಕಾರಿ, ನಾಳೆ ಏಕಾದಶಿಯೋ ನಾಡಿದ್ದೋ ಎಂದು ಮಾತಾಡುತ್ತಿದ್ದರು. ರಜೆಯ ದಿನ ಮನೆಯಲ್ಲಿದ್ದರೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಮಳೆ ಬಂದರೆ ಫೋನು ಸಾಯುತ್ತಿತ್ತು. ಕಾರ್ಪೊರೇಷನ್ನಿನವರು ರಸ್ತೆ ಅಗೆದರೂ ಸಾಯುತ್ತಿತ್ತು. ಬದುಕಿದ್ದಾಗಲೂ ಕರಕರ. ದೂರು ಕೊಟ್ಟರೆ ಲೈನ್‌ಮ್ಯಾನ್ ವಾರದ ಮೇಲೆ ಬಂದು, ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು, ಇಲಿ ಕಡಿದ ತಂತಿಯನ್ನು ನನ್ನದೇ ತಪ್ಪೆಂಬಂತೆ ತೋರಿಸಿ ಹೋಗುತ್ತಿದ್ದ.

ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಈ ಫೋನ್ ತೆಗೆಸಿಬಿಡೋಣ."

ಗಂಡ, "ನೋಡೋಣ," ಎಂದರು. ಅವರು ರೈಲ್ವೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ್ದು ಈ ಒಂದು ಪದದ ಬಲದ ಮೇಲೆ ಎಂದು ನನ್ನ ನಂಬಿಕೆ.

ಮಗಳು, "ಸುಮ್ಮಾ ವೇಸ್ಟ್ ಮಾ, ತೂಕ್ಕಿ ಪೋಡು," ಎಂದಳು. ಎತ್ತಿ ಎಸೆ ಎಂದು ಅರ್ಥ. ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಕನ್ನಡದಲ್ಲಿ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ.

ಅತ್ತೆ ಅನ್ನ ಕಲಸುತ್ತ, "ಇದ್ರೆ ಏನು ಊಟ ಕೇಳತ್ತಾ? ಇರ್ಲಿ ಬಿಡೆ," ಎಂದರು. ನಾನು ಮಾರನೆಯ ವಾರವೇ ಅವರಿಗೂ ಒಂದು ಸೆಲ್ ತಂದುಕೊಟ್ಟೆ. ಅವರ ಕಿವಿ ಮಂದವಾಗುತ್ತಿತ್ತು. ಸೆಲ್ಲಿನಲ್ಲಿ ತಂಗಿಯ ದನಿ ಡಬ್ಬದೊಳಗಿನ ಗುಂಗಾಡಿನ ಹಾಗೆ ಕೇಳುತ್ತದೆ ಎಂದರು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದೆ. ಹಸಿರು ಗುಂಡಿ ಒತ್ತುವ ಬದಲು ಕೆಂಪು ಗುಂಡಿ ಒತ್ತುತ್ತಿದ್ದರು. ಅದಕ್ಕೂ ಅಭ್ಯಾಸವಾಗುತ್ತದೆ ಎಂದೆ.

ಆದರೆ ತೆಗೆಸುವ ಮೊದಲು ರಾಯಪುರದವಳಿಗೆ ಒಂದು ಮಾತು ಹೇಳಲೇಬೇಕಿತ್ತು. ಫೋನ್ ಮಾಡಿ, ಹೀಗೆ ಹೀಗೆ ಎಂದೆ.

"ನಿಮ್ಮ ಮನೆ ಫೋನು, ನಿಮ್ಮಿಷ್ಟ ಅಕ್ಕಾ," ಎಂದಳು. "ನಾನು ಯಾವ ಬಾಯಲ್ಲಿ ಬೇಡ ಅನ್ಲಿ? ಆದ್ರೂ ಒಂದ್ಸಲ ಮಾಡಿದ್ನಲ್ಲ, ಇನ್ನೊಂದ್ಸಲ ಮಾಡ್ದೇ ಇರ್ತಾನಾ ಅಂತ."

ಆ ಒಂದು ಸಲದಲ್ಲಿ ಏನಾಯಿತೆಂದು ಅವಳಿಗೆ ಗೊತ್ತಿದ್ದರೆ! ಫೋನ್ ತೆಗೆಸಲು ಬರೆದಿಟ್ಟಿದ್ದ ಅರ್ಜಿಯನ್ನು ನಾನು ಮಡಿಸಿ ಕಪಾಟಿನಲ್ಲಿಟ್ಟೆ. ಇನ್ನೊಂದು ವರ್ಷ ಇರಲಿ ಎಂದು ಮನೆಯಲ್ಲಿ ಹೇಳಿದೆ. ಕಾರಣವನ್ನೂ ಹೇಳಿದೆ. ಅತ್ತೆ, "ಒಳ್ಳೇ ಕೆಲ್ಸ ಮಾಡ್ದೆ. ಪಾಪದ ಹುಡುಗಿ," ಎಂದರು.

ಅದಾದ ಕೆಲವು ತಿಂಗಳಿಗೆ ಅವಳ ಕರೆಗಳಲ್ಲಿ ಒಂದು ಬದಲಾವಣೆ ಬಂತು. "ಬಂತಾ ಅಕ್ಕಾ?" ಎಂದು ಕೇಳುವುದನ್ನು ಬಿಟ್ಟಳು. ಮಗಳ ಓದು, ಅತ್ತೆಯ ಮಂಡಿ, ಮೀನಿನ ವಾಸನೆಗೆ ರಾಯಪುರದಲ್ಲಿ ಮೂಗು ಒಗ್ಗಿಹೋದದ್ದು, ಇಂಥವೇ ಮಾತಾಡಿ ಇಡುತ್ತಿದ್ದಳು. ಪಾಪ, ಆಸೆ ಬಿಟ್ಟಳು ಎಂದುಕೊಂಡೆ. ಹುಣ್ಣಿಗೆ ಕಡ್ಡಿ ಹಾಕುವುದು ಬೇಡವೆಂದು ನಾನೂ ಅವನ ಮಾತೆತ್ತಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಫೋನು ಸತ್ತಿತು, ಏಳಲೇ ಇಲ್ಲ. ಹದಿನೈದು ದಿನ ನೋಡಿ ಆಫೀಸಿಗೆ ಹೋದೆ. ನಮ್ಮ ಬೀದಿಯ ಹಳೆಯ ಕೇಬಲ್ ಕೊಳೆತಿದೆ, ಹೊಸ ಕೇಬಲಿನಲ್ಲಿ ಜಾಗವಿದೆ, ನಾಳೆಯೇ ಕೊಡುತ್ತೇವೆ, ಆದರೆ ನಂಬರು ಬದಲಾಗುತ್ತದೆ ಎಂದರು ಅಲ್ಲಿನ ಅಧಿಕಾರಿ.

"ನಂಬರ್ ಬದಲಾಗಕೂಡದು ಸಾರ್," ಎಂದೆ.

"ಏನ್ ಮೇಡಂ? ಇದೇನು ಲಕ್ಕಿ ನಂಬರಾ?" ಎಂದು ಅವರು ತಮಿಳಿನಲ್ಲಿ ಕೇಳಿದರು. ಸುತ್ತ ಇದ್ದವರು ನಕ್ಕರು.

ಒಬ್ಬ ಮನುಷ್ಯ ಎಲ್ಲೋ ಇದ್ದಾನೆ, ಅವನಿಗೆ ಈ ನಂಬರೊಂದೇ ಬಾಯಿಪಾಠ ಎಂದು ಆ ಕೌಂಟರಿನ ಮುಂದೆ ಹೇಗೆ ಹೇಳುವುದು? ಹೇಳಿದೆ. ಅವರು ನನ್ನನ್ನು ಒಮ್ಮೆ ದಿಟ್ಟಿಸಿ, ಹಳೆಯ ಕೇಬಲ್ ರಿಪೇರಿಯಾಗುವ ತನಕ ಕಾಯಿರಿ ಎಂದರು. ನಾಲ್ಕು ತಿಂಗಳು ಕಾದೆ. ಐದು ಅರ್ಧ ದಿನದ ರಜೆ, ಮೂರು ಲಿಖಿತ ದೂರು. ಲೈನ್‌ಮ್ಯಾನ್ ನನ್ನನ್ನು ಬೀದಿಯಲ್ಲಿ ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗುವಷ್ಟು ಹಠ ಹಿಡಿದೆ. ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ, "ಏನಂದ್ರೇ?" ಎಂದು ಕೇಳುವರು. ಅವರ ಮುಖ ಬಾಡಿರುತ್ತಿತ್ತು. ಯಾರದೋ ಮಗನಿಗಾಗಿ ಇಷ್ಟು ಮರುಗುತ್ತಾರಲ್ಲ ಎಂದು ನನಗೆ ಅವರ ಮೇಲೆ ಗೌರವ ಹೆಚ್ಚಿತು. ಇದನ್ನು ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಕೇಬಲ್ ರಿಪೇರಿಯಾಯಿತು. ಅದೇ ನಂಬರಿಗೆ ಜೀವ ಬಂತು. ಮಾರನೆಯ ದಿನ ಹನ್ನೊಂದಕ್ಕೆ ಪುರಸೈವಾಕ್ಕಂನ ಕರೆ ಬಂತಂತೆ.

ಅದರ ಮುಂದಿನ ವರ್ಷ ದೀಪಾವಳಿಗೆ ಎರಡು ವಾರವಿರುವಾಗ ನಾನು ಬಾಗಿಲ ಪರದೆಗೆ ಬಟ್ಟೆ ಕೊಳ್ಳಲು ಪುರಸೈವಾಕ್ಕಂಗೆ ಹೋದೆ. ಶನಿವಾರ ಮಧ್ಯಾಹ್ನ. ಆ ರಸ್ತೆಯಲ್ಲಿ ಆ ದಿನಗಳಲ್ಲಿ ನಾವು ನಡೆಯುವುದಿಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಪಾತ್ರೆ ಅಂಗಡಿಯ ಮುಂದೆ ಯಾರೋ ಹಿಂದಿನಿಂದ ನನ್ನ ಭುಜ ಹಿಡಿದರು.

"ಅಕ್ಕಾ!"

ರಾಯಪುರದವಳು. ಸ್ವಲ್ಪ ದಪ್ಪಗಾಗಿದ್ದಳು. ಅವಳ ಪಕ್ಕದಲ್ಲಿ ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡ ಮೀಸೆಯ ಗಂಡಸು. ಅವನು ಮುಖ ತುಂಬ ನಕ್ಕ. ಮೊದಲು ಆ ಕಣ್ಣುಗಳ ಗುರುತು ಹತ್ತಿತು. ಬಾಲ್ಕನಿಯಲ್ಲಿ ನಿಂತ ನಮ್ಮನ್ನು ಎಣಿಸಿದ ಕಣ್ಣುಗಳು.

ನನ್ನ ಕೈಯಿಂದ ಬಟ್ಟೆಯ ಕಟ್ಟು ಜಾರಿತು. "ಇವನು… ಯಾವಾಗ… ಯಾವಾಗ ಬಂದ?" ಎಂದು ತೊದಲಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾವಾಗ ಬಂದ ಅಂದ್ರೆ? ಎರಡು ವರ್ಷ ಆಯ್ತಲ್ಲ ಅಕ್ಕಾ. ತಿರುಪ್ಪೂರಲ್ಲಿ ಬನಿಯನ್ ಕಂಪನೀಲಿ ಇದ್ದ. ಕಲ್ಯಾಣ ಆಗಿ ಒಂದು ಕೊಳಂದೆನೂ ಆಯ್ತು. ನಿಮ್ಗೆ ಗೊತ್ತಿಲ್ವಾ?"

"ನಿಮ್ಮನೆಗೇ ಬಂದಿದ್ನಲ್ಲ ನಾನು," ಎಂದ ಅವನು. "ಹಳೇ ಮನೇಲಿ ಅಕ್ಕ ಇಲ್ಲ ಅಂದ್ರು. ಮೇಲೆ ಬಂದೆ. ನಿಮ್ಮತ್ತೆ ಇದ್ರು. ಚೆನ್ನಾಗಿ ಬೈದ್ರು. ಆಮೇಲೆ ಊಟ ಹಾಕಿ, ಅಡ್ರೆಸ್ ಕೊಟ್ಟು ಕಳ್ಸಿದ್ರು."

"ಕಲ್ಯಾಣದ ಪತ್ರಿಕೆ ಕಳಿಸಿದ್ದೆ," ಎಂದಳು ಅವಳು. "ನೀವು ಯಾರೂ ಬರ್ಲಿಲ್ಲ. ಫೋನಲ್ಲೂ ಅವನ ಬಗ್ಗೆ ಒಂದ್ ಮಾತು ಕೇಳ್ಲಿಲ್ಲ. ನಿಮ್ಗೆ ನಮ್ಮೇಲೆ ಏನೋ ಕೋಪ ಅಂತ ನಾನೂ ಸುಮ್ನಿದ್ದೆ ಅಕ್ಕಾ."

ಜನ ನಮ್ಮ ಮೂವರನ್ನೂ ತಳ್ಳಿಕೊಂಡು ಹೋಗುತ್ತಿದ್ದರು. ಅಂಗಡಿಯ ಗೋಡೆಗೆ ಆತುಕೊಂಡು ನಿಂತು, ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. "ಅವತ್ತೊಂದು ಭಾನುವಾರ ಫೋನ್ ಮಾಡಿದ್ಯಲ್ಲಪ್ಪ. ನಾನು ರೇಗಿದೆ. ಅದಕ್ಕೇ ತಾನೆ ನೀನು ಮತ್ತೆ ಮಾಡ್ಲಿಲ್ಲ?"

ಅವನು ನೆನಪಿಸಿಕೊಳ್ಳಲು ಹಣೆ ಸುಕ್ಕು ಮಾಡಿದ. "ರೇಗಿದ್ರಾ? ನೆನಪಿಲ್ಲ ಅಕ್ಕಾ. ಹೈವೇಲಿ ಬೂತ್ ಹತ್ರ ನಿಂತಿದ್ದೆ. ಅಷ್ಟ್ರಲ್ಲಿ ಬಸ್ ಬಂದ್ಬಿಡ್ತು, ಹತ್ಬಿಟ್ಟೆ. ಆಮೇಲೆ ನಾಚಿಕೆ ಆಯ್ತು, ಮಾಡ್ಲಿಲ್ಲ."

ಬಸ್ಸು ಬಂತಂತೆ. ಅಷ್ಟೇ ಅಂತೆ.

ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. "ರೇಗಿದ್ರಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು. ನಾನು ಹೌದೆಂದೆ. ಅವಳು ಬಗ್ಗಿ ನನ್ನ ಬಟ್ಟೆಯ ಕಟ್ಟನ್ನು ಎತ್ತಿ ಧೂಳು ಕೊಡವಿ ನನ್ನ ಕೈಗೆ ಕೊಟ್ಟಳು.

ಮನೆಗೆ ಹೋಗುವ ಬಸ್ಸಿನಲ್ಲಿ ಕೋಪ ನಿಲ್ದಾಣದಿಂದ ನಿಲ್ದಾಣಕ್ಕೆ ಏರಿತು. ಆ ನಾಲ್ಕು ತಿಂಗಳು! ಆ ಐದು ರಜೆ! "ಲಕ್ಕಿ ನಂಬರಾ" ಎಂದು ನಕ್ಕವರು! ಬಾಗಿಲಲ್ಲಿ ಬಾಡಿದ ಮುಖ ಹೊತ್ತು "ಏನಂದ್ರೇ?" ಎಂದು ಕೇಳುತ್ತಿದ್ದ ಅತ್ತೆ!

ಅತ್ತೆ ಹಜಾರದಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಗಂಡ ಪೇಪರ್ ಓದುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ, "ಆ ಹುಡುಗ ಬಂದು ಎರಡು ವರ್ಷ ಆಯ್ತಂತೆ. ನೀವೇ ಊಟ ಹಾಕಿದ್ರಂತೆ," ಎಂದೆ.

ಗಂಡ ಪೇಪರಿನ ಮೇಲಿಂದ ನೋಡಿ, "ಹೌದೇನೋ, ಅಮ್ಮ ಯಾವತ್ತೋ ಹೇಳಿದ ಹಾಗಿತ್ತು," ಎಂದರು. ನಾನು ಅವರತ್ತ ತಿರುಗಿದ್ದನ್ನು ನೋಡಿ ಪೇಪರನ್ನು ಮತ್ತೆ ಮೇಲೆತ್ತಿದರು.

ಅತ್ತೆ ಬತ್ತಿಗಳನ್ನು ಪಕ್ಕಕ್ಕಿಟ್ಟು ಗೋಡೆ ಹಿಡಿದು ಎದ್ದರು. ತಮ್ಮ ಕೋಣೆಗೆ ಹೋಗಿ, ಸೀರೆಗಳ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಅಡಿಯಿಂದ ಒಂದು ಲಕೋಟೆ ತಂದು ನನ್ನ ಮುಂದಿಟ್ಟರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಮದುವೆ ಪತ್ರಿಕೆ.

"ಎಸೆಯಕ್ಕೆ ಮನಸ್ಸು ಬರ್ಲಿಲ್ಲ. ಅರಿಶಿನ ಹಚ್ಚಿದ್ದು," ಎಂದರು.

"ಬಚ್ಚಿಡಕ್ಕೆ ಮನಸ್ಸು ಬಂತಾ?"

"ಬಂತು."

"ಯಾಕೆ?"

"ಹೇಳಿದ್ರೆ ಮಾರನೇ ದಿನ ನೀನು ಫೋನ್ ಕೀಳಿಸ್ತಿದ್ದೆ."

"ಹಾಗಂತ ನಾಲ್ಕು ತಿಂಗಳು ನನ್ನ ಬೀದಿಬೀದಿ ಅಲೆಸಿದ್ರಾ? ಹೊಸ ನಂಬರ್ ತಗೊಂಡಿದ್ರೆ ಒಂದೇ ದಿನದಲ್ಲಿ ಫೋನ್ ಬರ್ತಿತ್ತು. ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹುಡುಗ ಸಿಕ್ಕ ಅಂತ ಹೇಳಿದ್ರೆ ನೀನು ಹೊಸ ನಂಬರೂ ಬೇಡ, ಹಳೇದೂ ಬೇಡ ಅಂತಿದ್ದೆ."

ಅದು ನಿಜವೇ ಆಗಿತ್ತು. ಅದರಿಂದ ನನ್ನ ಕೋಪ ಇನ್ನೂ ಹೆಚ್ಚಿತು. "ನನಗೆ ಫೋನ್ ಬೇಕು ಕಣೆ ಅಂತ ನೇರ ಕೇಳ್ಬಹುದಿತ್ತಲ್ಲ ನೀವು!"

"ಕೇಳಿದೆ," ಎಂದರು ಅತ್ತೆ. "ಇರ್ಲಿ ಬಿಡೆ ಅಂದೆ. ನೀನು ಸೆಲ್ ತಂದುಕೊಟ್ಟೆ. ಕಿವಿ ಕೇಳಲ್ಲ ಅಂದೆ. ಅಭ್ಯಾಸ ಆಗತ್ತೆ ಅಂದೆ ನೀನು. ಯಾರೋ ಹುಡುಗನಿಗೋಸ್ಕರ ಅಂದಾಗ ಅರ್ಜೀನ ಮಡಿಸಿಟ್ಟೆ. ನನಗೋಸ್ಕರ ಮಡಿಸಿಡ್ತಿದ್ಯಾ? ನೀನೇ ಹೇಳು."

ನಾನು ಒಳಗೆ ಹೋಗಿ ಚಪ್ಪಲಿ ಬಿಟ್ಟೆ. ಸುಳ್ಳು ಹೇಳಿದವರು ಅವರು, ಸೋತವಳು ನಾನು. ಇದಕ್ಕಿಂತ ರೇಗುವ ಸಂಗತಿ ನನ್ನ ಜೀವನದಲ್ಲಿ ಹೆಚ್ಚು ನಡೆದಿಲ್ಲ.

ನಾಲ್ಕು ದಿನ ನಾವು ಮಾತಾಡಲಿಲ್ಲ. ಬೇಕಾದದ್ದನ್ನು ಮಗಳ ಮೂಲಕ ಹೇಳಿ ಕಳಿಸುತ್ತಿದ್ದೆವು. ಅವಳು ಅದನ್ನು ತಮಿಳಿನಲ್ಲಿ ಮುಟ್ಟಿಸುತ್ತಿದ್ದಳು. ಆ ನಾಲ್ಕು ದಿನದಲ್ಲಿ ಒಂದು ಹಬ್ಬದ ರಜೆ ಬಂತು. ಹನ್ನೊಂದು ಗಂಟೆಗೆ ಫೋನ್ ಬಾರಿಸಿತು. ಅತ್ತೆ ಕೂತಲ್ಲಿಂದ ಅಲುಗಲಿಲ್ಲ. ಬಾರಿಸಿ ಬಾರಿಸಿ ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ಬಾರಿಸಿತು. ನಾನೇ ಹೋಗಿ ಎತ್ತಿದೆ. ಆ ಕಡೆ ಅತ್ತೆಯ ತಂಗಿ ಗಾಬರಿಯಲ್ಲಿ, "ಅಕ್ಕಂಗೆ ಏನಾಯ್ತೇ? ನಿನ್ನೆನೂ ಎತ್ತಲಿಲ್ಲ. ಬಿದ್ದುಗಿದ್ದು ಬಿಟ್ಟಳಾ?" ಎಂದು ಅಳುವ ಹಾಗಾಗಿದ್ದರು. ಆ ಅಕ್ಕತಂಗಿಯರು ಒಬ್ಬರನ್ನೊಬ್ಬರು ಕಣ್ಣಾರೆ ಕಂಡು ಒಂದೂವರೆ ವರ್ಷವಾಗಿತ್ತು. ಒಂದೇ ಊರು. ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಕಣ್ಣು. ಇಬ್ಬರ ಮನೆಗೂ ಲಿಫ್ಟಿಲ್ಲ. ಕರೆದುಕೊಂಡು ಹೋಗಬೇಕಾದ ನಮಗೆ ಬಿಡುವಿರಲಿಲ್ಲ. ಹುಳಿಗೆ ಯಾವ ತರಕಾರಿ ಎಂದು ಕೇಳುವುದೆಂದರೆ ಬದುಕಿದ್ದೀಯಾ ಎಂದು ಕೇಳುವುದೇ ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ತಿಳಿಯಲು ಬಹಳ ತಡ ಮಾಡಿದೆ, ಒಪ್ಪುತ್ತೇನೆ. ರಿಸೀವರನ್ನು ತಂತಿ ಎಳೆದಷ್ಟು ದೂರ ಎಳೆದು ಅತ್ತೆಯ ಕಿವಿಗೆ ಹಿಡಿದೆ. "ಮಾತಾಡಿ," ಎಂದೆ.

ದೀಪಾವಳಿ ಕಳೆದ ಭಾನುವಾರ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ರಾಯಪುರಕ್ಕೆ ಹೋದೆ. ಮಗುವಿಗೆ ಬೆಳ್ಳಿಯ ಗೆಜ್ಜೆ ತೆಗೆದುಕೊಂಡಿದ್ದೆ. ಅತ್ತೆ ಕ್ಷಮೆ ಕೇಳುತ್ತಾರೆಂದು ಕಾದೆ. ಅವರು ಕೇಳಲಿಲ್ಲ. ಹುಡುಗನ ಹೆಂಡತಿಯ ಗಲ್ಲ ಹಿಡಿದು, "ನಾನು ಮಾಡಿದ್ದೇ ತಪ್ಪು, ನಿನ್ನ ಮದುವೆ ಊಟ ತಪ್ಪಿಸ್ಕೊಂಡೆ," ಎಂದರು. ಅದೇ ಕ್ಷಮೆ ಎಂದು ತಿಳಿದುಕೊಳ್ಳಬೇಕಿತ್ತು. ಹುಡುಗನ ಭಾವ ಹೊರಗೆ ಹೋಗಿ ನಮಗೆ ಎಳನೀರು ತಂದ. ಕೆನ್ನೆಗೆ ಹೊಡೆದವನೂ ಹೊಡೆಸಿಕೊಂಡವನೂ ಒಂದೇ ತಟ್ಟೆಯಿಂದ ಮುರುಕು ತಿನ್ನುತ್ತಿದ್ದರು.

ಹಿಂದಿರುಗುವಾಗ ನಾನು ಆಟೋದಲ್ಲಿ ಹೇಳಿದೆ. "ಫೋನ್ ಇರ್ಲಿ. ಆದ್ರೆ ನನ್ನ ಕೈಲಾಗಲ್ಲ. ನಿಮ್ಮ ಹೆಸರಿಗೆ ಮಾಡಿಸ್ತೀನಿ. ಇನ್ಮೇಲೆ ದೂರು, ಲೈನ್‌ಮ್ಯಾನು ಎಲ್ಲ ನಿಮ್ದೇ."

"ಮಾಡ್ಸು," ಎಂದರು.

ಹೆಸರು ಬದಲಾಯಿಸಲು ಗಂಡನ ಸಹಿ, ಅತ್ತೆಯ ಸಹಿ, ಅತ್ತೆ ಖುದ್ದಾಗಿ ಬರಬೇಕು. ಮೂರು ಮಹಡಿಯನ್ನು ಮೆಟ್ಟಿಲಿಗೊಮ್ಮೆ ನಿಂತು ಇಳಿದರು. ಕೌಂಟರಿನ ಹೆಂಗಸು ಅರ್ಜಿ ನೋಡಿ, ಸಹಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಎಂದಳು. ಅತ್ತೆ ಪೆನ್ನು ಕೆಳಗಿಡಲಿಲ್ಲ.

"ನಾನ್ ಕನ್ನಡಂ. ಕನ್ನಡತ್ತಿಲೆ ತಾನ್ ಪೋಡುವೇನ್," ಎಂದರು, ನಲವತ್ತೇಳು ವರ್ಷದ ತಮ್ಮ ಒಟ್ಟು ತಮಿಳನ್ನು ಒಗ್ಗೂಡಿಸಿ. ಕನ್ನಡದಲ್ಲೇ ಹಾಕುತ್ತೇನೆ ಎಂದು. ಆ ಹೆಂಗಸು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, "ಸರಿ ಪಾಟಿ, ಪೋಡುಂಗೊ," ಎಂದಳು. ಸರಿ ಅಜ್ಜಿ, ಹಾಕಿ ಎಂದು. ಅತ್ತೆ ದುಂಡಗೆ, ಒತ್ತಕ್ಷರವನ್ನೂ ಬಿಡದೆ, ಅರ್ಜಿಯಲ್ಲಿ ಕೊಟ್ಟ ಜಾಗ ಸಾಲದೆ ಪಕ್ಕದ ಖಾನೆಗೂ ಹರಿಯುವಷ್ಟು ದೊಡ್ಡದಾಗಿ ಸಹಿ ಹಾಕಿದರು.

ಮುಂದಿನ ಮಳೆಗೆ ಫೋನು ಎಂದಿನಂತೆ ಸತ್ತಿತು. ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಆಫೀಸಿನಿಂದ ಬಂದರೆ, ನನ್ನನ್ನು ಕಂಡು ಸೈಕಲ್ ತಿರುಗಿಸುತ್ತಿದ್ದ ಲೈನ್‌ಮ್ಯಾನ್ ನಮ್ಮ ಹಜಾರದಲ್ಲಿ ಕಾಲು ಚಾಚಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಅತ್ತೆ ಅವನ ಮಗಳ ಜಾತಕದ ಬಗ್ಗೆ ವಿಚಾರಿಸುತ್ತಿದ್ದರು. ಅರ್ಧ ತಮಿಳು, ಅರ್ಧ ಕನ್ನಡ. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಫೋನು ಆಗಲೇ ಸರಿಯಾಗಿತ್ತು. ಅಷ್ಟು ವರ್ಷ ಅಷ್ಟು ದೂರು ಬರೆದ ನಾನು ಹೊಸ್ತಿಲಲ್ಲಿ ಬ್ಯಾಗು ಹಿಡಿದು ನಿಂತೇ ಇದ್ದೆ. ಅತ್ತೆ ತಲೆಯೆತ್ತಿ, "ಬಂದ್ಯಾ? ಒಳಗೆ ಹೋಗಿ ಇನ್ನೊಂದು ಲೋಟ ಮಜ್ಜಿಗೆ ತಾ," ಎಂದರು.